ಹರತಾಳದ ದಿನ ವಾಹನ ಎಣಿಸಿದರು

ನಮ್ಮ ಕಾಸರಗೋಡಿನ ಒಂದು ಪದವಿನ ಮೇಲೆ, ಅಂದರೆ ಮುರಕಲ್ಲಿನ ಬೋಳು ಗುಡ್ಡದ ಮೇಲೆ, ಮಾಲ್ ಬರುತ್ತದಂತೆ. ಜೊತೆಗೆ ಹೋಟೆಲು, ಮದುವೆ ಹಾಲ್, ನಾಲ್ಕು ಸಿನೆಮಾ ಪರದೆ. ಒಟ್ಟು ವಿಸ್ತೀರ್ಣ 19,960 ಚದರ ಮೀಟರ್. ಈ ನಲವತ್ತನ್ನು ಯಾಕೆ ಬಿಟ್ಟರು? ಕೇಂದ್ರ ಸರಕಾರದ 2006ರ ಅಧಿಸೂಚನೆ ಪ್ರಕಾರ 20,000 ಮುಟ್ಟಿದರೆ ಪರಿಸರ ಅನುಮತಿ ಬೇಕು. ಮುಟ್ಟದಿದ್ದರೆ ಪರಿಸರಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಎರಡು ಶೌಚಾಲಯ ಕಡಿಮೆ ಮಾಡಿ ಪ್ರಕೃತಿಯನ್ನು ಉಳಿಸಿಕೊಟ್ಟರು. ಪಕ್ಕದ ಜಾಗದಲ್ಲೂ ಇಷ್ಟೇ ದೊಡ್ಡ ಇನ್ನೊಂದು ಕಟ್ಟಡ ಉಂಟು. ಅದರ ಮಾಲಕರು ಬೇರೆ. ಇವರ ಹೆಂಡತಿ.

ಆದರೂ ಊರವರು ಗೊಣಗಿದರು. ಮಾಲಕರು ದೊಡ್ಡ ಮನಸ್ಸು ಮಾಡಿ, ಸ್ವಂತ ಖರ್ಚಿನಲ್ಲಿ ಅಧ್ಯಯನ ಮಾಡಿಸಿದರು. ದೊಡ್ಡ ದೊಡ್ಡ ಯೋಜನೆಗಳಲ್ಲೂ ಹೀಗೇ ಅಲ್ವಾ? ಕನ್ಸಲ್ಟೆಂಟಿಗೆ ದುಡ್ಡು ಕೊಡುವುದು ಯೋಜನೆಯವರೇ. ಹುಡುಗ ಹೇಗೆ ಅಂತ ಹುಡುಗನ ಅಮ್ಮನನ್ನೇ ಕೇಳಿದ ಹಾಗೆ.

ನೀರು ನೋಡಲು ಕನ್ಸಲ್ಟೆಂಟರು ಮಾರ್ಚಿನಲ್ಲಿ ಬಂದರು. ಇದೂ ಕ್ರಮವೇ. ಸಾಮಾನ್ಯವಾಗಿ ಇಂಥ ಅಧ್ಯಯನಕ್ಕೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದನ್ನು ಬಿಟ್ಟು ನೋಡಿದರೆ ತೋಡಿನಲ್ಲಿ ಕಾಣುವುದು ಕಲ್ಲು ಮಾತ್ರ. 'ಜಲಮೂಲ ಇಲ್ಲ' ಅಂತ ಬರೆದರು.

ಪದವಿನ ಬುಡದ ಮನೆಯ ಅಜ್ಜನಿಗೆ ಇದು ಸರಿ ಕಾಣಲಿಲ್ಲ. ಸರ್ವೆಗೆ ಬಂದ ಹುಡುಗನ ಕೈಗೆ ಟಾರ್ಚ್ ಕೊಟ್ಟು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ತಮ್ಮ ಸುರಂಗದ ಒಳಗೆ ಕರೆದುಕೊಂಡು ಹೋದರು. ಬಗ್ಗಿಯೇ ನಡೆಯಬೇಕು. ಮುರಕಲ್ಲಿನ ಗೋಡೆ ಒದ್ದೆ, ತಲೆ ಮೇಲೆ ಬಾವಲಿ, ಕಾಲ ಕೆಳಗೆ ಬೆರಳು ಮುಳುಗುವಷ್ಟು ನೀರು. "ಮೇಲೆ ಬಿದ್ದ ಮಳೆ ಮಗಾ, ಕಲ್ಲಿನ ಒಟ್ಟೆಗಳಲ್ಲಿ ಇಳಿದು ಇಲ್ಲಿ ಬರುವುದು. ನನ್ನ ತೋಟಕ್ಕೆ ಇದೇ ನೀರು" ಅಂದರು ಅಜ್ಜ. ಹುಡುಗ ಫಾರ್ಮ್ ತಿರುವಿ ನೋಡಿದ. ಬಾವಿಗೆ ಕಾಲಂ ಉಂಟು, ಬೋರ್‌ವೆಲ್ಲಿಗೆ ಉಂಟು. ಸುರಂಗಕ್ಕೆ ಇಲ್ಲ. ಕೊನೆಗೆ 'ಇತರೆ' ಅಂತ ಇದ್ದಲ್ಲಿ ಬರೆದ: 'ಗುಹೆ. ಪ್ರವಾಸೋದ್ಯಮಕ್ಕೆ ಅವಕಾಶವಿದೆ.'

ಇನ್ನು ಟ್ರಾಫಿಕ್. ಹರತಾಳಕ್ಕೆ ಏಳು ದಿನ ಮುಂಚೆ ನೋಟಿಸ್ ಕೊಡಬೇಕು ಅಂತ ಕೇರಳ ಹೈಕೋರ್ಟ್ 2019ರಲ್ಲಿ ಹೇಳಿತ್ತು. ಜನರಿಗೆ ತೊಂದರೆ ಆಗಬಾರದು ಅಂತ. ಕನ್ಸಲ್ಟೆಂಟರಿಗೆ ಎಷ್ಟು ಅನುಕೂಲ ಆಯಿತು ನೋಡಿ! ತಾರೀಕು ಮೊದಲೇ ಗೊತ್ತು. ಬೆಳಗ್ಗೆ ಆರಕ್ಕೇ ಕೊಡೆ ಬಿಡಿಸಿ, ಸ್ಟೂಲ್ ಹಾಕಿ ಎಣಿಸಲು ಕೂತರು. ಹಾಲಿನ ವ್ಯಾನು, ಪೇಪರಿನ ಬೈಕು, ಒಂದು ಆಂಬುಲೆನ್ಸ್.

"ಹೇಗೆ ಲೆಕ್ಕ ತಮ್ಮಾ?" ಅಂತ ಕೇಳಿದೆ. ಎಣಿಸುತ್ತಿದ್ದ ಹುಡುಗ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಪಟ್ಟಿ ತೋರಿಸಿದ. ಯಾವ ವಾಹನ ಎಷ್ಟು ಕಾರಿಗೆ ಸಮ ಅಂತ ಅದರಲ್ಲಿ ಉಂಟು. ಕಾರು ಒಂದು, ರಿಕ್ಷಾ ಒಂದು, ಬೈಕು ಅರ್ಧ, ಬಸ್ಸು ಮೂರು. ಎತ್ತಿನ ಗಾಡಿ ಎಂಟು! ನಮ್ಮ ರಸ್ತೆಯಲ್ಲಿ ಎತ್ತಿನ ಗಾಡಿ ಕಾಣದೆ ಕಾಲವಾಯಿತು. ಆದರೂ ಅದಕ್ಕೊಂದು ಸ್ಥಾನಮಾನ ಉಂಟು.

"ನಡೆದುಕೊಂಡು ಹೋಗುವವರು?"

"ಅವರು ಲೆಕ್ಕಕ್ಕಿಲ್ಲ ಅಣ್ಣ."

ಹುಡುಗ ಸುಮ್ನೆ ಹೇಳಿದ್ದಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆದ ಮೇಲೆ, ಎದುರು ಕಾಣುವ ಅಂಗಡಿಗೆ ಹೋಗಬೇಕಾದರೂ ಅಂಡರ್‌ಪಾಸ್ ಹುಡುಕಿಕೊಂಡು ಹೋಗುವ ನಮಗೆ ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಮಾಲ್‌ನ ಗೇಟು ಬರುವುದೂ ಸರ್ವಿಸ್ ರಸ್ತೆಗೇ. ಬಸ್ಸಿಗೆ ಕಾಯುವವರು, ಶಾಲೆ ಮಕ್ಕಳು, ಮೀನಿನ ಸ್ಕೂಟರು ಎಲ್ಲ ಈಗಲೇ ಅಲ್ಲಿ. ವರದಿ ಮಾತ್ರ 'ರಸ್ತೆಯ ಸಾಮರ್ಥ್ಯ ಸಾಕಷ್ಟು ಉಳಿದಿದೆ' ಅನ್ನುತ್ತದೆ. ಹರತಾಳದ ದಿನ ಉಳಿಯದೆ ಏನು?

ಕಟ್ಟಡ ಎಷ್ಟೇ ದೊಡ್ಡದಾದರೂ ಅದಕ್ಕೆ ಸಾರ್ವಜನಿಕ ವಿಚಾರಣೆ ಬೇಡ ಅಂತ ಅದೇ 2006ರ ಅಧಿಸೂಚನೆ ಹೇಳುತ್ತದೆ. ಹಾಗಿದ್ದೂ ಮಾಲಕರು ಸಭೆ ಕರೆದರು. ಬಿರಿಯಾನಿ ಇತ್ತು. ವರದಿ ಇಂಗ್ಲಿಷಿನಲ್ಲಿ, ಭಾಷಣ ಮಲಯಾಳದಲ್ಲಿ, ಚಪ್ಪಾಳೆ ನಾವು ಕನ್ನಡದಲ್ಲಿ ತಟ್ಟಿದೆವು. ಹೆದ್ದಾರಿ ಕೆಲಸದ ನಡುವೆ 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಜರಿದದ್ದನ್ನು ಯಾರೋ ಎತ್ತಿದರು. "ಅದು ಬೇರೆ ಗುಡ್ಡ" ಅಂದರು ಕನ್ಸಲ್ಟೆಂಟರು. ಒಪ್ಪಬೇಕಾದ ಮಾತೇ.

ಆಗ ನಿವೃತ್ತ ಮಾಷ್ಟ್ರೊಬ್ಬರು ಎದ್ದರು. ಮಾಲ್‌ನ ಛಾವಣಿ 5,000 ಚದರ ಮೀಟರ್, ಮಳೆ ಮೂರೂವರೆ ಮೀಟರ್. ಅಲ್ಲೇ ಗುಣಿಸಿ ಹೇಳಿದರು: ವರ್ಷಕ್ಕೆ ಒಂದು ಕೋಟಿ ಎಪ್ಪತ್ತೈದು ಲಕ್ಷ ಲೀಟರ್. "ಪದವು ಕುಡಿಯುತ್ತಿದ್ದ ಈ ನೀರು ಇನ್ನು ಎಲ್ಲಿಗೆ ಹೋಗುತ್ತದೆ?"

"ಇಂಗುಗುಂಡಿ ಉಂಟು ಮಾಷ್ಟ್ರೇ."

"ಅದು ತುಂಬಿದ ಮೇಲೆ?"

"ರಸ್ತೆಗೆ ಬಿಡುವುದು."

"ರಸ್ತೆಯೂ ತುಂಬಿದರೆ?"

ಕನ್ಸಲ್ಟೆಂಟರ ಮುಖ ಅರಳಿತು. "ಆಗ ವಾಹನ ಓಡುವುದಿಲ್ಲವಲ್ಲ ಮಾಷ್ಟ್ರೇ, ಟ್ರಾಫಿಕ್ ಜಾಮೇ ಇರುವುದಿಲ್ಲ!"

ಪಕ್ಕದಲ್ಲಿದ್ದ ಹುಡುಗ ಅದನ್ನು 'ಪರಿಹಾರ ಕ್ರಮಗಳು' ಅನ್ನುವ ಕಾಲಂನಲ್ಲಿ ಬರೆದುಕೊಂಡ.