ಡಾರ್ಟ್‌ಮೂರಿನ ಗುಡಿಸಲು, ನಿಲಸ್ಕಲ್ಲಿನ ಕಲ್ಲು

ನಾನು ಹೊಸನಗರದ ಕಡೆಯವನು. ಏಳು ವರ್ಷದಿಂದ ಇಂಗ್ಲೆಂಡಿನ ಡೆವನ್‌ನಲ್ಲಿದ್ದೇನೆ. ಇಲ್ಲಿನ ಡಾರ್ಟ್‌ಮೂರ್ ಗುಡ್ಡಗಳಲ್ಲಿ ಗ್ರಿಮ್ಸ್‌ಪೌಂಡ್ ಅಂತ ಒಂದು ಜಾಗವಿದೆ. ಕಂಚಿನ ಯುಗದ ಊರು. ಇಳಿಜಾರಿನಲ್ಲಿ ದುಂಡಗೆ ಸುತ್ತಿದ ಕಲ್ಲುಗೋಡೆ, ಅದರೊಳಗೆ 24 ಗುಡಿಸಲುಗಳ ಬುಡ. 1894ರಲ್ಲಿ ಅಗೆದಾಗ ಒಲೆ, ಇದ್ದಿಲು ಸಿಕ್ಕಿದ್ದವು.

ಮೊದಲ ಸಲ ಹೋದಾಗ ಒಂದು ಬಾಗಿಲ ಮುಂದೆ ತುಂಬಾ ಹೊತ್ತು ನಿಂತೆ. ಗಾಳಿ ನೇರ ಒಳಗೆ ನುಗ್ಗದ ಹಾಗೆ ಗೋಡೆಯನ್ನು ಹೊರಗೆ ಬಾಗಿಸಿ ಮರೆ ಮಾಡಿದ್ದಾರೆ. ಮಳೆಗಾಲಕ್ಕೆ ನಮ್ಮಪ್ಪ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಅದೇ ಉಪಾಯ! ಯಾರೋ ಪರಿಚಯದವರ ಮನೆಗೆ ಬಂದ ಹಾಗಾಯಿತು.

ನಮ್ಮ ತಾಲ್ಲೂಕಿನ ನಿಲಸ್ಕಲ್, ಬೈಸೆಯಲ್ಲೂ ಕಬ್ಬಿಣ ಯುಗದವರು ನಿಲ್ಲಿಸಿದ ಕಲ್ಲುಗಳಿವೆ. ನಿಲಸ್ಕಲ್ ಅಂದರೇ ನಿಲ್ಲಿಸಿದ ಕಲ್ಲು. ಕೆಲವು ಜೋಡಿ ಕಲ್ಲುಗಳ ನೇರಕ್ಕೆ ನೋಡಿದರೆ ವರ್ಷದ ಅತಿ ದೊಡ್ಡ ಹಗಲು, ಅತಿ ಚಿಕ್ಕ ಹಗಲಿನ ದಿನ ಸೂರ್ಯ ಹುಟ್ಟುವ ಇಲ್ಲವೇ ಮುಳುಗುವ ಜಾಗ ಸಿಗುತ್ತದೆ ಅಂತ ಸಂಶೋಧಕರು ಅಳೆದು ಹೇಳಿದ್ದಾರೆ. ಈ ಕಲ್ಲು ನಿಲ್ಲಿಸಿದವರ ಮನೆಗಳು ಎಲ್ಲಿ ಹೋದವು? ಬಿದಿರು, ಹುಲ್ಲಿನ ಮನೆಗಳಾಗಿದ್ದರೆ ನಮ್ಮ ಮಳೆಗೆ ಕೊಳೆಯದೆ ಉಳಿಯುತ್ತವಾ? ಅದಕ್ಕೇ ಈ ಕಲ್ಲುಗಳ ಬೆಲೆ ಜಾಸ್ತಿ.

ಗ್ರಿಮ್ಸ್‌ಪೌಂಡಿಗೆ ಟಿಕೆಟ್ ಇಲ್ಲ, ಬೇಲಿಯೂ ಇಲ್ಲ. ಕುರಿಗಳು ಸುಮ್ನೆ ಮೇಯುತ್ತಿರುತ್ತವೆ. ಆದರೆ ಕಾನೂನಿನ ರಕ್ಷಣೆ ಇದೆ, ನಡೆಯುವವರ ನಕ್ಷೆಯಲ್ಲಿ ಹೆಸರಿದೆ. ಒಂದು ಕಲ್ಲು ಕದಲಿಸಿದರೂ ಕೇಳುವವರಿದ್ದಾರೆ.

ಕಳೆದ ಸಲ ಊರಿಗೆ ಹೋದಾಗ ನಮ್ಮಲ್ಲಿ ಒಂದು ಕಲ್ಲು ಮಗ್ಗುಲಾಗಿ ಬಿದ್ದು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಅದರ ಮೇಲೆ ಕೂರಲು ಹೋದೆ. ಸೊಪ್ಪು ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ಗದರಿದರು: "ಅದು ಹಿಂದಿನೋರು ನಿಲ್ಸಿದ್ದು ತಮಾ, ಹಂಗೆಲ್ಲ ಕೂರ್ಬಾರ್ದು." ಇಷ್ಟು ಕಾಲ ಕಲ್ಲುಗಳನ್ನು ಕಾಯ್ದದ್ದು ಇಂಥವರ ಮಾತೇ. ಬೋರ್ಡಿಗಿಂತ ಅದು ಗಟ್ಟಿ ಅಂತ ನಾನು ನಂಬುತ್ತೇನೆ. ಆದರೆ ಜಮೀನು ಕೈ ಬದಲಾದರೆ, ಜೆಸಿಬಿ ಓಡಿಸುವ ಹುಡುಗನಿಗೆ ಆ ಮಾತು ಯಾರು ಹೇಳುತ್ತಾರೆ?

ದೊಡ್ಡ ಮ್ಯೂಸಿಯಂ ಬೇಡ. ಕಲ್ಲಿರುವ ಸರ್ವೆ ನಂಬರಿನ ಪಹಣಿಯಲ್ಲಿ ಒಂದು ಸಾಲು ಬರೆಸಲಿ. ಗ್ರಾಮಸಭೆಯಲ್ಲಿ ಊರವರೇ ಕೇಳಲಿ. ಡಿಸೆಂಬರಿನಲ್ಲಿ ರಜೆಗೆ ಬರುತ್ತಿದ್ದೇನೆ. ಅತಿ ಚಿಕ್ಕ ಹಗಲು ಬರುವುದು 21ರ ಆಸುಪಾಸಿನಲ್ಲಿ; ಅಕ್ಕನ ಮಕ್ಕಳನ್ನು ಕರೆದುಕೊಂಡು ಅವತ್ತು ಬೆಳಗ್ಗೆ ನಿಲಸ್ಕಲ್ಲಿಗೆ ಹೋಗುತ್ತೇನೆ, ಮಂಜು ಬಿಟ್ಟರೆ ಸೂರ್ಯನನ್ನು ನೋಡಬಹುದು.