ವಿಕ್ಕಾ ಬೇರೆ, ಹಳೇ ಮಾಟ ಬೇರೆ

ಇಂಗ್ಲೆಂಡಿನ ಹಳೇ ಮಾಟವೂ ವಿಕ್ಕಾವೂ ಒಂದೇ, "ಮಾಡಿದ್ದು ಮೂರು ಪಟ್ಟು ತಿರುಗಿ ಬರುತ್ತೆ" ಅನ್ನೋದು ಅದರ ಪುರಾತನ ನಿಯಮ ಅಂತ ಒಂದು ಲೇಖನದಲ್ಲಿ ಓದಿದೆ. ಅದು ತಪ್ಪು. ವಿಕ್ಕಾ ಈಚಿನ ಕಾಲದ ಒಂದು ಧರ್ಮ. 1951ರಲ್ಲಿ ಬ್ರಿಟನ್ನಿನ ಮಾಟದ ಕಾಯ್ದೆ ರದ್ದಾದ ಮೇಲೆ ಜೆರಾಲ್ಡ್ ಗಾರ್ಡ್ನರ್ ಅನ್ನೋ ಇಂಗ್ಲಿಷಿನವರು ಅದನ್ನು ಬಹಿರಂಗಕ್ಕೆ ತಂದರು. ಮೂರು ಪಟ್ಟಿನ ಮಾತು ಹುಟ್ಟಿದ್ದೂ ಅದರೊಳಗೇ. ಅದಕ್ಕೂ ಹಿಂದಿನ ಹಳ್ಳಿ ಮಂತ್ರವಾದಿಗಳು ಸಾಮಾನ್ಯವಾಗಿ ಕ್ರೈಸ್ತರೇ, ಬೈಬಲ್ಲಿನ ಕೀರ್ತನೆಗಳನ್ನೇ ಮಂತ್ರವಾಗಿ ಬಳಸುತ್ತಿದ್ದರು.

17ನೇ ಶತಮಾನದ ಮಾಟದ ಬಾಟಲಿಯನ್ನೇ ನೋಡಿ. ಎಷ್ಟೋ ಜನ ಅದನ್ನು ಮಾಟಗಾತಿಯ ಸಾಮಾನು ಅಂದುಕೊಂಡಿದ್ದಾರೆ. ಅಲ್ಲ, ಅದು ಮಾಟಕ್ಕೆ ಮದ್ದು. ನಮ್ಮ ಉಪ್ಪಿನಕಾಯಿ ಜಾಡಿಯಷ್ಟೇ ಗಟ್ಟಿಯಾದ, ಮೇಲೆ ಗಡ್ಡದ ಮುಖವಿರುವ ಜಾಡಿ. ಅದಕ್ಕೆ ಕಾಯಿಲೆಯವರ ಮೂತ್ರ, ಬಗ್ಗಿಸಿದ ಮೊಳೆ, ಕೂದಲು, ಉಗುರಿನ ಚೂರು ಹಾಕಿ, ಬಿರಡೆ ಬಿಗಿದು ಒಲೆಯ ಬುಡದಲ್ಲೋ ಹೊಸ್ತಿಲ ಕೆಳಗೋ ಹೂಳುತ್ತಿದ್ದರು. ಮಾಟ ಮಾಡಿದವಳಿಗೆ ಮೂತ್ರ ಕಟ್ಟಿ, ನೋವು ತಾಳದೆ ಮಾಟ ಬಿಡಿಸುತ್ತಾಳೆ ಅನ್ನೋದು ನಂಬಿಕೆ. ಕೆಲವರು ಬೆಂಕಿಯ ಮೇಲಿಟ್ಟು ಕಾಯಿಸುತ್ತಿದ್ದರು. ಬಿರಡೆ ಹಾರಿದರೆ ಅವಳು ತಪ್ಪಿಸಿಕೊಂಡಳು ಅಂತ ಲೆಕ್ಕ.

2004ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಬಿರಡೆ ಭದ್ರವಾಗಿದ್ದ ಜಾಡಿಯೊಂದು ಸಿಕ್ಕಿತು. ಒಳಗೆ 12 ಕಬ್ಬಿಣದ ಮೊಳೆ, 8 ಹಿತ್ತಾಳೆ ಗುಂಡುಸೂಜಿ, ಮೊಳೆ ಚುಚ್ಚಿದ ಚರ್ಮದ ಹೃದಯ. "ಯಾರಿಗೂ ಕೇಡು ಮಾಡಬೇಡ" ಅನ್ನೋ ವಿಕ್ಕಾದ ನೀತಿಯನ್ನು ಇದರ ಪಕ್ಕ ಹೇಗೆ ಇಡುತ್ತೀರಿ?