ಬರೀ ಒಂದು ಹಗ್ಗ ಬದಲಾಯಿಸೋಣ ಅಂತ

ಹಳೇ ಹಾಯಿದೋಣಿ ಮಾರೋರು ಯಾರೂ ಸುಳ್ಳು ಹೇಳಲ್ಲ, "ಒಂದು ಹಗ್ಗ ಬದಲಾಯಿಸಿದ್ರೆ ಸಾಕು, ನೀರಿಗೆ ಇಳಿಸಬಹುದು" ಅಂತಾರೆ ಅಷ್ಟೆ. ಮಾತು ನಿಜಾನೇ, ಆದ್ರೆ ಆ ಹಗ್ಗದ ಇನ್ನೊಂದು ತುದಿಗೆ ಇಡೀ ದೋಣಿ ಕಟ್ಟಿಕೊಂಡಿರುತ್ತೆ ಅನ್ನೋದನ್ನ ಮಾತ್ರ ಹೇಳಲ್ಲ.

ನಮ್ಮದು ಪ್ಲೈವುಡ್ ದೋಣಿ. ಹಲಗೆಗಳನ್ನ ತಾಮ್ರದ ತಂತೀಲಿ ಹೊಲಿದು, ಸಂದಿಗೆ ಗ್ಲಾಸ್ ಫೈಬರ್ ಟೇಪು, ರೆಸಿನ್ನು ಹಾಕಿ ಅಂಟಿಸೋ ಜಾತಿ. 1960ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಜಾಕ್ ಹೋಲ್ಟ್, ಬ್ಯಾರಿ ಬಕ್ನೆಲ್ ಅನ್ನೋ ಇಬ್ಬರು ಮಿರರ್ ಅಂತ ಒಂದು ದೋಣೀನ ಹೀಗೇ ಡಿಸೈನ್ ಮಾಡಿ, ಮರಗೆಲಸ ಬರದಿರೋರೂ ಮನೇಲೇ ದೋಣಿ ಕಟ್ಟಬಹುದು ಅಂತ ತೋರಿಸಿಬಿಟ್ರು. ಮರಗೆಲಸ ಬರದಿರೋರು ಕಟ್ಟಿದ್ದನ್ನ ಮರಗೆಲಸ ಬರದಿರೋ ಇನ್ನೊಬ್ಬರು ರಿಪೇರಿ ಮಾಡ್ತಾರೆ ಅನ್ನೋದು ಅವರ ತಲೆಗೆ ಬಂದಿತ್ತೋ ಇಲ್ವೋ.

ಮೊದಲ ಕೆಲಸ ಹಾಯಿ ಮೇಲೆತ್ತೋ ಹಗ್ಗ, ಹಾಲ್ಯಾರ್ಡು. ಇದು ಅಲ್ಯೂಮಿನಿಯಂ ಮಾಸ್ಟಿನ, ಅಂದ್ರೆ ಹಾಯಿ ಕಂಬದ, ಹೊಟ್ಟೆಯೊಳಗೆ ಹೋಗಿ, ತುದೀಲಿರೋ ರಾಟೆ ಮೇಲಿಂದ ಆಚೆ ಬರುತ್ತೆ. ಬದಲಾಯಿಸಬೇಕಾದ್ರೆ ಹಳೇ ಹಗ್ಗದ ಕೊನೆಗೆ ಹೊಸದನ್ನೋ, ಇಲ್ಲಾಂದ್ರೆ ಒಂದು ತೆಳ್ಳನೆ ದಾರಾನೋ ಕಟ್ಟಿ ಎಳೀಬೇಕು, ಹಳೇದು ಆಚೆ ಬರ್ತಾ ಹೊಸದು ತಾನೇ ಒಳಗೆ ಕೂರುತ್ತೆ. ಸಹಾಯಕ್ಕೆ ಅಂತ ಬಂದಿದ್ದ ಗೆಳೆಯನಿಗೆ ಇದನ್ನ ನಾನು ವಿವರಿಸ್ತಾ ಇರೋವಾಗಲೇ ಅವನು ಪೂರ್ತಿ ಎಳೆದು ಸುತ್ತಿ ನೀಟಾಗಿ ಕೈಗಿಟ್ಟು "ಮುಂದೇನು ಮಾರಾಯ?" ಅಂದ.

ಮುಂದೇನು ಅಂದ್ರೆ, ಮಾಸ್ಟ್ ಕೆಳಗಿಳಿಸಬೇಕು.

ಮಾಸ್ಟ್ ಇಳಿಸಬೇಕು ಅಂದ್ರೆ ಅದನ್ನ ಎಡಕ್ಕೆ, ಬಲಕ್ಕೆ, ಮುಂದಕ್ಕೆ ಹಿಡಿದಿರೋ ಮೂರು ಸ್ಟೀಲ್ ವೈರ್‌ಗಳನ್ನ ಬಿಚ್ಚಬೇಕು. ವೈರಿನ ಬುಡದಲ್ಲಿ ಬಿಗಿ ಮಾಡೋ ಟರ್ನ್‌ಬಕಲ್ ಇರುತ್ತೆ, ಅದೂ ಸ್ಟೇನ್‌ಲೆಸ್ಸು, ತುಕ್ಕು ಹಿಡಿಯಲ್ಲ ಅಂತ ಎಲ್ಲರೂ ಹೊಗಳೋ ಲೋಹ. ತುಕ್ಕೇನೋ ಬೇಗ ಹಿಡಿಯಲ್ಲ, ಆದ್ರೆ ಸ್ಟೇನ್‌ಲೆಸ್ ಸ್ಕ್ರೂ ಥ್ರೆಡ್ ಮೇಲೆ ಸ್ಟೇನ್‌ಲೆಸ್ ಥ್ರೆಡ್ ಎಣ್ಣೆ ಇಲ್ದೆ ಜೋರಾಗಿ ತಿರುಗಿದ್ರೆ ಉಜ್ಜಿ ಉಜ್ಜಿ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತೆ, ಆಮೇಲೆ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಗೆಳೆಯ ಜೋರಾಗೇ ತಿರುಗಿಸಿದ. ಕೊನೆಗೆ ಹ್ಯಾಕ್ಸಾ ಬ್ಲೇಡೇ ಗತಿ.

ಕತ್ತರಿಸಿದ್ದು ಒಳ್ಳೇದೇ ಆಯ್ತು ಅನ್ನಿ. ಈ ವೈರ್‌ನಲ್ಲಿ 19 ಎಳೆ ಇರುತ್ತೆ, ಹಳೇದಾದಾಗ ಸಾಮಾನ್ಯವಾಗಿ ಮುರಿಯೋದು ತುದೀಲಿ ಫಿಟ್ಟಿಂಗ್ ಒಳಗೆ ಹೋಗೋ ಜಾಗದಲ್ಲಿ, ಕಣ್ಣಿಗೆ ಕಾಣಲ್ಲ, ಹತ್ತಿ ಬಟ್ಟೇಲಿ ಒರೆಸಿದ್ರೆ ಮುರಿದ ಎಳೆಗೆ ನೂಲು ಸಿಕ್ಕಿಹಾಕಿಕೊಂಡು ಗೊತ್ತಾಗುತ್ತೆ. ಗೆಳೆಯ ಬಟ್ಟೆ ಹುಡುಕೋ ಗೋಜಿಗೆ ಹೋಗದೆ ಬೆರಳಲ್ಲೇ ಒರೆಸಿದ, ರಿಸಲ್ಟ್ ಇನ್ನೂ ಬೇಗ ಬಂತು. ಒಂದು ಎಳೆ ಹೋಗಿದ್ರೂ ಆ ವೈರ್ ಬಿಸಾಕಬೇಕು, ಒಂದು ವೈರ್ ಹೋಗಿದೆ ಅಂದ್ರೆ ಅದರ ವಯಸ್ಸಿನ ಉಳಿದೆರಡಕ್ಕೂ ದೊಡ್ಡ ಆಯುಸ್ಸಿಲ್ಲ. ಇದರಲ್ಲಿ ಜುಗ್ಗತನ ಮಾಡಬಾರದು, ಮಾಸ್ಟ್ ಬೀಳೋದಾದ್ರೆ ಗಾಳಿ ಜೋರಿರೋವಾಗಲೇ ಬೀಳುತ್ತೆ, ಅದರ ಕೆಳಗೆ ನಾವೇ ಕೂತಿರ್ತೀವಿ.

ಇನ್ನು ವೈರಿನ ಬುಡಾನ ದೋಣಿಗೆ ಹಿಡಿದಿರೋ ಲೋಹದ ಪಟ್ಟಿ. ಸ್ಕ್ರೂ ತಿರುಗಿಸೋದೇ ಬೇಡ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಚೆ ಬಂತು, ಅದರ ಹಿಂದೆ ಒದ್ದೆ ಕಪ್ಪು ಪುಡಿ. ಸಮುದ್ರದ ನೀರಲ್ಲಿ ಮರ ಹಾಳಾಯ್ತು ಅಂತ ಎಲ್ಲರೂ ಬೈತಾರೆ, ಪಾಪ, ಮರ ಕೊಳೆಸೋ ಫಂಗಸ್‌ಗೆ ಉಪ್ಪು ಆಗಿಬರಲ್ಲ. ದೋಣಿ ದಡದ ಮೇಲೆ ಸುಮ್ನೆ ನಿಂತಿರೋವಾಗ ಬೀಳೋ ಮಳೆ ನೀರೇ ನಿಜವಾದ ಕಳ್ಳ. ಪಟ್ಟಿ ಕೆಳಗಿನ ಮರ ಕೆತ್ತುತ್ತಾ ಕೆತ್ತುತ್ತಾ ಅಡ್ಡ ಸೀಟಿನ ತುದಿವರೆಗೂ ಹೋದ್ವಿ, ಗಟ್ಟಿ ಮರ ಸಿಕ್ಕಲ್ಲಿ ನಿಂತ್ವಿ.

ಆಮೇಲೆ ಎಪಾಕ್ಸಿ, ಎರಡು ದ್ರವ ಕಲಸಿ ಹಚ್ಚೋ ಅಂಟು. ನಾವು ತಂದಿದ್ದಕ್ಕೆ ಐದು ಪಾಲು ರೆಸಿನ್, ಒಂದು ಪಾಲು ಹಾರ್ಡನರ್, ಡಬ್ಬದ ಮೇಲೇ ಬರೆದಿತ್ತು. ಬೇಗ ಗಟ್ಟಿಯಾಗಲಿ ಅಂತ ಗೆಳೆಯ ಹಾರ್ಡನರ್ ಧಾರಾಳವಾಗಿ ಸುರಿದ. ಎಪಾಕ್ಸಿಲಿ ಧಾರಾಳತನ ನಡೆಯಲ್ಲ, ಹೆಚ್ಚಾಗಿದ್ದು ರೆಸಿನ್ ಜೊತೆ ಸೇರದೆ ಹಾಗೇ ಉಳಿದು ಅಂಟು ಅಂಟು ಆಗಿಬಿಡುತ್ತೆ, ಎಷ್ಟು ಕಾದ್ರೂ ಒಣಗಲ್ಲ, ಕೆರೆದು ತೆಗೀಬೇಕು. ಎರಡನೇ ಸಲ ಅಳತೆ ಸರಿ ಇತ್ತು, ಆದ್ರೆ ಕಲಸಿದ ಲೋಟ ಹಾಗೇ ಇಟ್ಟು ಅವನು ಫೋನಲ್ಲಿ ಮಾತಾಡೋಕೆ ಹೋದ. ಎಪಾಕ್ಸಿ ಗಟ್ಟಿಯಾಗ್ತಾ ಶಾಖ ಬಿಡುತ್ತೆ, ತೆಳ್ಳಗೆ ಹರಡಿದ್ರೆ ಶಾಖ ಗಾಳಿಗೆ ಹೋಗುತ್ತೆ, ಲೋಟದಲ್ಲಿ ತುಂಬಿಟ್ರೆ ಒಳಗೇ ಕೂತು ಇನ್ನೂ ಬೇಗ ಕಾಯುತ್ತೆ. ಹೊಗೆ ಎದ್ದು ಪ್ಲಾಸ್ಟಿಕ್ ಲೋಟ ಸೊಟ್ಟಗಾಗಿ ಬ್ರಷ್ಷನ್ನ ಶಾಶ್ವತವಾಗಿ ಹಿಡಿದುಕೊಂಡಿತ್ತು. ಮೂರನೇದನ್ನ ಅಗಲದ ಟ್ರೇಲಿ ಕಲಸಿ, ಫೋನ್ ಕಿತ್ತಿಟ್ಕೊಂಡು, ಹೊಸ ಮರ, ಪಟ್ಟಿ, ಸೀಟು ಎಲ್ಲಾ ಜನ್ಮದಲ್ಲಿ ಬಿಡದ ಹಾಗೆ ಕೂರಿಸಿದ್ವಿ. ಪೇಂಟಿಂಗ್ ಬಗ್ಗೆ ಹೇಳೋದೇನಿಲ್ಲ, ಊರಲ್ಲಿರೋ ಹುಳ ಎಲ್ಲಾ ಬಂದು ಅದರ ಮೇಲೇ ಕೂತವು.

ಈಗ ಮಲಗಿರೋ ಮಾಸ್ಟ್ ಒಳಗೆ ದಾರ ತೂರಿಸಬೇಕಲ್ಲ. ದಾರಕ್ಕೆ ನಟ್ ಕಟ್ಟಿ ಮಾಸ್ಟ್ ಓರೆ ಮಾಡಿದ್ವಿ, ನಟ್ ಮಧ್ಯದಲ್ಲಿ ಯಾವುದೋ ರಿವೆಟ್‌ಗೆ ಸಿಕ್ಕಿ ಅಲ್ಲೇ ಸಂಸಾರ ಹೂಡಿತು. ಗೆಳೆಯ ಐಡಿಯಾ ಕೊಟ್ಟ: ದಾರದ ತುದಿಗೆ ಪ್ಲಾಸ್ಟಿಕ್ ಕವರಿನ ಚೂರು ಕಟ್ಟಿ ಆ ಕಡೆಯಿಂದ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆಯೋದು. ಇದು ನಿಜವಾಗ್ಲೂ ಕೆಲಸ ಮಾಡುತ್ತೆ. ಎಷ್ಟು ಚೆನ್ನಾಗಿ ಅಂದ್ರೆ ಕವರು, ದಾರ, ದಾರದ ಉಂಡೆ, ಜೊತೆಗೆ ಮಾಸ್ಟ್ ಒಳಗೆ ಕಣಜ ಕಟ್ಟಿದ್ದ ಮಣ್ಣಿನ ಗೂಡೂ ಸೇರಿ ಕ್ಲೀನರ್ ಹೊಟ್ಟೆಗೆ ಹೋಯ್ತು, ಮೋಟಾರು ಒಂದು ವಿಚಿತ್ರ ರಾಗ ತೆಗೆದು ಸುಮ್ಮನಾಯ್ತು. "ರೀ, ಅದು ಯಾರದ್ದು ಅಂತ ಗೊತ್ತಲ್ವಾ?" ಅಂತ ಹಿಂದಿನಿಂದ ಹೆಂಡತಿ ಧ್ವನಿ.

ಹೊಸ ಹಗ್ಗ ಅಂತ ಗೆಳೆಯ ತಂದಿದ್ದು ನೈಲಾನ್, ಗಟ್ಟಿ ಅಂತೆ. ಗಟ್ಟೀನೇ, ಆದ್ರೆ ಎಳೆದಷ್ಟೂ ಹಿಗ್ಗುತ್ತೆ, ಲಂಗರಿಗೆ ಅದೇ ಬೇಕು, ಹಾಯಿಗಲ್ಲ. ಹಾಯಿಗೆ ಪಾಲಿಯೆಸ್ಟರ್ ಹಾಕಬೇಕು, ಇಲ್ಲಾಂದ್ರೆ ಗಾಳಿ ಬಂದ ಹಾಗೆಲ್ಲಾ ಹಾಯಿ ಜೋಲು ಬಿದ್ದು ಸೋಮಾರಿ ಥರ ತೂಕಡಿಸುತ್ತೆ.

ಅಂತೂ ನೀರಿಗಿಳಿಸಿದ್ವಿ. ಹಾಯಿ ಸರಾಗವಾಗಿ ಮೇಲೆ ಹೋಯ್ತು, ದೋಣಿ ಬಾಗಿ ಓಡಿತು, ಗೆಳೆಯ ಕೂಗಾಡಿದ, ಆಮೇಲೆ ಕಾಲು ತಣ್ಣಗಾಗ್ತಿದೆ ಅಂದ. ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದ ಹಾಗೆ ತಳದಿಂದ ನೀರಿಗೆ ಇಳಿಸೋ ಹಲಗೆ) ಇಳಿಯೋ ಪೆಟ್ಟಿಗೆಯ ಬುಡದಲ್ಲಿ ಸೋರ್ತಾ ಇದೆ. ದೊಡ್ಡದೇನಲ್ಲ, ನಾಲ್ಕು ಸ್ಕ್ರೂ ಬಿಚ್ಚಿ ಹೊಸ ಸೀಲೆಂಟ್ ಹಾಕಿದ್ರೆ ಆಯ್ತು, ಆದ್ರೆ ಆ ಸ್ಕ್ರೂ ಇರೋದು ಅಡ್ಡ ಸೀಟಿನ ಕೆಳಗೆ. ಹಾಂ, ಅದೇ ಸೀಟು. ಎಪಾಕ್ಸಿ ಬಿಸಿ ಮಾಡಿದ್ರೆ ಮೆತ್ತಗಾಗುತ್ತೆ, ಅದಕ್ಕೆ ಹೀಟ್ ಗನ್ ಬೇಕು, ನಮ್ಮ ಹತ್ರ ಇಲ್ಲ. ಗೆಳೆಯನ ಕಣ್ಣು ಈಗ ನನ್ನ ಹೆಂಡತಿಯ ಹೇರ್ ಡ್ರೈಯರ್ ಮೇಲೆ ಬಿದ್ದಿದೆ, ಕೇಳೋ ಕೆಲಸ ನಂದಂತೆ, ವ್ಯಾಕ್ಯೂಮ್ ಕ್ಲೀನರ್ ಕೇಸೇ ಇನ್ನೂ ಇತ್ಯರ್ಥ ಆಗಿಲ್ಲ.